ಹಗೆಯ ಸಾವಿನ ಸುದ್ದಿ ಬಂದಾಗ



ವೈರಿ ಸತ್ತರೆ ಕ್ರೈಸ್ತನಾದವನು ಏನು ಮಾಡಬೇಕು? ಕೇಳಿದ ಕೂಡಲೇ ಉತ್ತರ ನಾಲಗೆಯ ತುದಿಗೆ ಬಂದುಬಿಡುತ್ತದೆ. ಕ್ಷಮಿಸಬೇಕು, ಪ್ರಾರ್ಥಿಸಬೇಕು. ಭಾನುವಾರದ ಶಾಲೆಗೆ ಹೋಗುವ ಮಗುವೂ ಇಷ್ಟನ್ನು ಹೇಳೀತು. ಅಷ್ಟು ಸಲೀಸಾಗಿ ಬರುವ ಉತ್ತರದ ಮೇಲೆಯೇ ನನಗೆ ಅನುಮಾನ.

2011ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಒಸಾಮಾ ಬಿನ್ ಲಾಡೆನ್ ಅಬೋಟಾಬಾದಿನಲ್ಲಿ ಹತನಾದನೆಂಬ ಸುದ್ದಿ ಬಂದ ರಾತ್ರಿ ವಾಷಿಂಗ್ಟನ್ನಿನ ಶ್ವೇತಭವನದ ಮುಂದೆ ಹುಡುಗರು ಬಾವುಟ ಬೀಸಿ ಕುಣಿದರು. ಅವರಲ್ಲಿ ಎಷ್ಟೋ ಮಂದಿ ಚರ್ಚಿಗೆ ಹೋಗುವ ಮನೆಯ ಮಕ್ಕಳೇ ಇದ್ದಿರಬೇಕು. ಅತ್ತ ವ್ಯಾಟಿಕನ್ನಿನ ವಕ್ತಾರ ಫಾದರ್ ಫೆಡೆರಿಕೊ ಲೊಂಬಾರ್ಡಿ ಒಂದು ಚಿಕ್ಕ ಹೇಳಿಕೆ ಕೊಟ್ಟರು. ಸತ್ತವನು ದ್ವೇಷ ಬಿತ್ತಿದವನು, ಲೆಕ್ಕವಿಲ್ಲದಷ್ಟು ಜನರ ಸಾವಿಗೆ ಹೊಣೆಯಾದವನು, ಅದರಲ್ಲಿ ಅನುಮಾನವಿಲ್ಲ. ಆದರೂ ಮನುಷ್ಯನೊಬ್ಬನ ಸಾವಿನ ಮುಂದೆ ಕ್ರೈಸ್ತನು ಹಿಗ್ಗುವುದಿಲ್ಲ, ದೇವರ ಮುಂದೆಯೂ ಜನರ ಮುಂದೆಯೂ ಪ್ರತಿಯೊಬ್ಬನಿಗೆ ಇರುವ ಹೊಣೆಯನ್ನು ನೆನೆಯುತ್ತಾನೆ ಎನ್ನುವುದು ಅದರ ಸಾರ. ಮಾತು ಸರಿಯಾಗಿಯೇ ಇದೆ. ಆದರೆ ನ್ಯೂಯಾರ್ಕಿನಲ್ಲಿ ಅವನ ಕಡೆಯವರು ಕೆಡವಿದ ಗೋಪುರಗಳ ಧೂಳಿನಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಬಳಿ ಹೋಗಿ ಇದನ್ನು ಹೇಳುವವರು ಯಾರು? ಹೇಳಿಕೆಗೆ ಕಾಲಿಲ್ಲ. ಅದು ಯಾರ ಪಕ್ಕದಲ್ಲೂ ನಡೆಯುವುದಿಲ್ಲ.

ಮೊದಲು ಒಂದು ಸಂಗತಿಯನ್ನು ಬಿಡಿಸಿಟ್ಟುಬಿಡೋಣ. ಕಾಡಿದವನು ಸತ್ತನೆಂದಾಗ ಎದೆಯ ಮೇಲಿನ ಕಲ್ಲು ಇಳಿದಂತಾಗುವುದು ಪಾಪವಲ್ಲ. ಇನ್ನು ಅವನು ಬಾಗಿಲು ತಟ್ಟಲಾರ, ಇನ್ನೊಬ್ಬರ ಮಗನನ್ನು ಎಳೆದೊಯ್ಯಲಾರ ಎಂಬ ನಿಟ್ಟುಸಿರು ಅದು. ಆ ನಿಟ್ಟುಸಿರನ್ನು ಪವಿತ್ರ ಗ್ರಂಥ ಎಲ್ಲೂ ಬೈದಿಲ್ಲ. ದುಷ್ಟರು ಅಳಿದರೆ ಪಟ್ಟಣದಲ್ಲಿ ಜಯಘೋಷವಾಗುತ್ತದೆ ಎಂದು ಜ್ಞಾನೋಕ್ತಿಗಳ ಹನ್ನೊಂದನೆಯ ಅಧ್ಯಾಯ ಇದ್ದದ್ದನ್ನು ಇದ್ದಂತೆ ಹೇಳುತ್ತದೆ. ಅದೇ ಪುಸ್ತಕದ ಇಪ್ಪತ್ತನಾಲ್ಕನೆಯ ಅಧ್ಯಾಯಕ್ಕೆ ಬಂದರೆ, ನಿನ್ನ ವೈರಿ ಬಿದ್ದಾಗ ಹಿಗ್ಗಬೇಡ ಎಂಬ ಎಚ್ಚರಿಕೆ. ಅಲ್ಲಿ ಕೊಡುವ ಕಾರಣವೋ ಬಲು ವಿಚಿತ್ರ: ನೀನು ಹಿಗ್ಗುವುದನ್ನು ದೇವರು ಕಂಡರೆ ಅವನಿಗೆ ಬೇಸರವಾಗಿ, ನಿನ್ನ ವೈರಿಯ ಮೇಲಿದ್ದ ಕೋಪವನ್ನೇ ಹಿಂತೆಗೆದುಕೊಂಡಾನು! ಉಪದೇಶಿಗಳು ಈ ಎರಡನೆಯ ಅರ್ಧವನ್ನು ಸಾಮಾನ್ಯವಾಗಿ ಓದದೆ ಮುಂದೆ ಹೋಗುತ್ತಾರೆ. ನನಗೆ ಅದೇ ಇಷ್ಟ. ಹಗೆ ಹೊತ್ತವನ ಮನಸ್ಸು ಹೇಗೆ ಓಡುತ್ತದೆಂದು ಬಲ್ಲ ಯಾರೋ ಮುದುಕ ತುಸು ತುಂಟತನದಿಂದ ಬರೆದಂತಿದೆ.

ಕೀರ್ತನೆಗಳಲ್ಲಂತೂ ಶಾಪದ ಮಳೆಯೇ ಇದೆ. 109ನೆಯ ಕೀರ್ತನೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿದರೆ ಹಿಂದಿನ ಸಾಲಿನವರು ತಲೆಯೆತ್ತಿ ನೋಡುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕಥೋಲಿಕರ ನಿತ್ಯ ಪ್ರಾರ್ಥನೆಯ ಗ್ರಂಥವನ್ನು ಪರಿಷ್ಕರಿಸಿದಾಗ 58, 83 ಮತ್ತು 109ನೆಯ ಕೀರ್ತನೆಗಳನ್ನು ಪೂರ್ತಿಯಾಗಿ ಕೈಬಿಟ್ಟರು. ಇನ್ನು ಕೆಲವುಗಳಿಂದ ಒಂದೆರಡು ವಚನ ಕತ್ತರಿಸಿದರು. ಆ ಕತ್ತರಿ ನನಗೆ ಒಪ್ಪಿಗೆಯಿಲ್ಲ. ಶಾಪವನ್ನು ದೇವರ ಮುಂದೆ ಸುರಿದವನಿಗೆ ಅದನ್ನು ಬೀದಿಗೆ ಒಯ್ಯುವ ಅಗತ್ಯ ಕಡಿಮೆಯಾಗುತ್ತದೆ. ಬಾಯಿ ಮುಚ್ಚಿಸಿದ ಸಿಟ್ಟು ಎಲ್ಲಿ ಹೋಗಿ ಸೇರುತ್ತದೆ ಎನ್ನುವುದನ್ನು ನಮ್ಮ ಊರುಗಳೇ ಹೇಳಬಲ್ಲವು.

ಕೆಂಪು ಸಮುದ್ರದ ಕಥೆ ನಿಮಗೆ ಗೊತ್ತು. ಫರೋಹನ ರಥಗಳು ಮುಳುಗಿದವು. ದಡದ ಮೇಲೆ ಮೋಶೆ ಹಾಡಿದ, ಮಿರ್ಯಾಮಳು ದಮ್ಮಡಿ ಬಾರಿಸಿದಳು. ಅಟ್ಟಿಸಿಕೊಂಡು ಬಂದವರ ಕೈಯಿಂದ ಕೂದಲೆಳೆಯಲ್ಲಿ ಪಾರಾದ ಗುಲಾಮರು ಹಾಡದೆ ಇನ್ನೇನು ಮಾಡಿಯಾರು? ಆದರೆ ಯೆಹೂದ್ಯರ ತಾಲ್ಮೂದ್ ಇದಕ್ಕೆ ಒಂದು ಕಥೆ ಸೇರಿಸಿದೆ. ಆ ರಾತ್ರಿ ದೇವದೂತರೂ ಹಾಡಲು ಹೊರಟರಂತೆ. ನನ್ನ ಕೈಯ ಸೃಷ್ಟಿ ಕಡಲಲ್ಲಿ ಮುಳುಗುತ್ತಿರುವಾಗ ನಿಮಗೆ ಹಾಡೇ ಎಂದು ದೇವರು ಅವರನ್ನು ತಡೆದನಂತೆ. ಗಮನಿಸಿ, ಗದರಿಸಿಕೊಂಡವರು ದೇವದೂತರು, ಇಸ್ರಾಯೇಲ್ಯರಲ್ಲ. ಪೆಟ್ಟು ತಿಂದವರಿಗೆ ಒಂದು ರಿಯಾಯಿತಿ ಇದೆ. ಮೇಲೆ ಕುಳಿತು ನೋಡಿದವರಿಗೆ ಇಲ್ಲ. ಟೀವಿಯ ಮುಂದೆ ಕುಳಿತು ಯಾರದೋ ಸಾವಿಗೆ ಚಪ್ಪಾಳೆ ತಟ್ಟುವಾಗ ನಾವು ಈ ಎರಡರಲ್ಲಿ ಯಾರು ಎಂದು ಕೇಳಿಕೊಳ್ಳಬಹುದು.

ವೈರಿಯ ಹೆಣದ ಮುಂದೆ ತಲೆಬಾಗುವುದು ಕನ್ನಡಿಗರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾದ ಪಾಠವಲ್ಲ. ರನ್ನನ ಗದಾಯುದ್ಧದಲ್ಲಿ ರಣರಂಗದ ಹೆಣಗಳ ನಡುವೆ ನಡೆಯುವ ದುರ್ಯೋಧನ ಅಭಿಮನ್ಯುವಿನ ದೇಹದ ಮುಂದೆ ನಿಂತು ಅವನ ಪರಾಕ್ರಮವನ್ನು ಮೆಚ್ಚುತ್ತಾನೆ, ತನಗೂ ಅಂಥ ಮರಣ ಬರಲೆಂದು ಕೇಳಿಕೊಳ್ಳುತ್ತಾನೆ. ರಾವಣನ ಸಂಸ್ಕಾರ ಮಾಡೆಂದು ಹಿಂದೆಗೆಯುವ ವಿಭೀಷಣನಿಗೆ ಹೇಳುವವನು ರಾಮನೇ. ಬೈಬಲಿನಲ್ಲೂ ಈ ದನಿ ಇದೆ. ತನ್ನನ್ನು ಗುಡ್ಡಗವಿಗಳಲ್ಲಿ ಬೇಟೆಯಾಡಿದ ಸೌಲ ಗಿಲ್ಬೋವ ಬೆಟ್ಟದಲ್ಲಿ ಸತ್ತಾಗ ದಾವೀದ ಬಟ್ಟೆ ಹರಿದುಕೊಂಡ, ಸಂಜೆಯ ತನಕ ಉಪವಾಸವಿದ್ದ, ಶೋಕಗೀತೆ ಕಟ್ಟಿ ಅದನ್ನು ಯೆಹೂದದ ಜನಕ್ಕೆಲ್ಲ ಕಲಿಸಿರೆಂದ. ಆ ಗೀತೆಯಲ್ಲಿ ಸೌಲ ಎಸೆದ ಈಟಿಯ ಸುದ್ದಿಯೇ ಇಲ್ಲ. (ಸೌಲನ ಕುಲದವರನ್ನು ಒಲಿಸಿಕೊಳ್ಳಬೇಕಾಗಿದ್ದ ಭಾವೀ ಅರಸನಿಗೆ ಆ ಗೀತೆಯಿಂದ ನಷ್ಟವೇನೂ ಆಗಲಿಲ್ಲ, ಅದೂ ನಿಜ.) ಆದರೆ ಇವೆಲ್ಲ ವೀರರ ಲೋಕದ ಮಾತು. ಸತ್ತವನಲ್ಲಿ ಮೆಚ್ಚಲು ಏನೋ ಇತ್ತು, ಮೆಚ್ಚಿದರು. ಬೆಟ್ಟದ ಮೇಲಿನ ಪ್ರಸಂಗದಲ್ಲಿ ವೈರಿಗಳನ್ನು ಪ್ರೀತಿಸಿ ಎಂದು ಯೇಸು ಒಡ್ಡಿದ ತೊಡಕು ಇದಕ್ಕಿಂತ ಕಷ್ಟದ್ದು. ಮೆಚ್ಚಲು ಏನೂ ಇಲ್ಲದವನು ಸತ್ತರೆ?

ಇಂಥ ಪರೀಕ್ಷೆ ಕ್ರೈಸ್ತ ಸಭೆಗೆ ಬಹಳ ಬೇಗ ಎದುರಾಯಿತು. ರೋಮ್ ಸಾಮ್ರಾಜ್ಯದಲ್ಲಿ 303ರಲ್ಲಿ ಕ್ರೈಸ್ತರ ಮೇಲೆ ಶುರುವಾದ ದೊಡ್ಡ ಹಿಂಸೆಗೆ ಮುಖ್ಯ ಪ್ರೇರಕ, ಆಗ ಆಳುತ್ತಿದ್ದವರಲ್ಲಿ ಒಬ್ಬನಾದ ಗಲೇರಿಯಸ್ ಎಂದು ಅವರು ನಂಬಿದ್ದರು. ಎಂಟು ವರ್ಷದ ಮೇಲೆ, ಭೀಕರ ರೋಗದಿಂದ ಹಾಸಿಗೆ ಹಿಡಿದ ಅದೇ ಗಲೇರಿಯಸ್ 311ರ ಏಪ್ರಿಲ್ ಕೊನೆಯಲ್ಲಿ ಹಿಂಸೆ ನಿಲ್ಲಿಸುವ ಶಾಸನ ಹೊರಡಿಸಿದ. ಅದರ ಕೊನೆಯಲ್ಲಿ ಒಂದು ಬೇಡಿಕೆ ಇತ್ತು: ಕ್ರೈಸ್ತರು ತಮ್ಮ ದೇವರಲ್ಲಿ ನನ್ನ ಕ್ಷೇಮಕ್ಕಾಗಿ ಪ್ರಾರ್ಥಿಸಲಿ. ಕೆಲವೇ ದಿನಗಳಲ್ಲಿ ಅವನು ಸತ್ತ. ವೈರಿಯೇ ಬರವಣಿಗೆಯಲ್ಲಿ ಪ್ರಾರ್ಥನೆ ಬೇಡಿದ ಇನ್ನೊಂದು ಪ್ರಸಂಗ ನನಗೆ ನೆನಪಾಗದು. ಆ ಶಾಸನವನ್ನು ನಮಗಾಗಿ ಉಳಿಸಿಕೊಟ್ಟವರಲ್ಲಿ ಲ್ಯಾಕ್ಟಾಂಟಿಯಸ್ ಎಂಬ ಕ್ರೈಸ್ತ ವಿದ್ವಾಂಸನೂ ಒಬ್ಬ. ಹಿಂಸಕರು ಸತ್ತ ಬಗೆಯ ಕುರಿತೇ ಅವನು ಒಂದು ಪುಸ್ತಕ ಬರೆದ. ಗಲೇರಿಯಸನ ಹುಣ್ಣು, ಹುಳು, ದುರ್ವಾಸನೆ ಎಲ್ಲವನ್ನೂ ಅವನು ಎಷ್ಟು ಸವಿದು ಬಣ್ಣಿಸಿದ್ದಾನೆಂದರೆ ಓದಿದ ಮೇಲೆ ಊಟ ಸೇರುವುದಿಲ್ಲ. ದೇವರ ನ್ಯಾಯ ತೋರಿಸುವುದು ತನ್ನ ಉದ್ದೇಶ ಎನ್ನುತ್ತಾನೆ. ಇರಬಹುದು. ಆದರೆ ಆ ಸಾಲುಗಳಲ್ಲಿ ಕೇಳುವುದು ಗಲೇರಿಯಸನಿಗಾಗಿ ಪ್ರಾರ್ಥಿಸಿದವನ ದನಿಯಲ್ಲ.

ಹೀಗೆ ಹಿಗ್ಗುವುದು ಒಂದು ದಾರಿ. ತಪ್ಪಿನ ಇನ್ನೊಂದು ದಾರಿ ಉಪಚಾರದ್ದು. 1945ರ ಮೇ 2ರಂದು, ಹಿಟ್ಲರ್ ಸತ್ತನೆಂಬ ಸುದ್ದಿ ಜರ್ಮನ್ ರೇಡಿಯೋದಲ್ಲಿ ಬಂದ ಮರುದಿನ, ಐರ್ಲೆಂಡಿನ ಪ್ರಧಾನಿ ಏಮನ್ ಡಿ ವಲೇರಾ ಡಬ್ಲಿನ್ನಿನಲ್ಲಿದ್ದ ಜರ್ಮನ್ ರಾಯಭಾರಿಯನ್ನು ಕಂಡು ಸಂತಾಪ ಹೇಳಿ ಬಂದರು. ತಟಸ್ಥ ದೇಶದ ಶಿಷ್ಟಾಚಾರ ಎಂದು ಸಮರ್ಥಿಸಿಕೊಂಡರು. ಅವರೂ ಭಕ್ತ ಕಥೋಲಿಕರೇ. ಆದರೆ ನಾಜಿಗಳ ಯಾತನಾ ಶಿಬಿರಗಳ ಬಾಗಿಲು ತೆರೆದು ಹೆಣದ ರಾಶಿಗಳು ಕಾಣತೊಡಗಿದ್ದ ಹೊತ್ತಿನಲ್ಲಿ ಅಂಥ ಸಂತಾಪ ಯಾರ ಕಣ್ಣೀರನ್ನು ಒರೆಸಿತು?

ಈಗ ನಾನು ಹೇಳಬೇಕೆಂದಿದ್ದ ಮನುಷ್ಯನ ಕಡೆ ಬರುತ್ತೇನೆ. ಹೆಸರು ಹೆನ್ರಿ ಗೆರೆಕೆ. ಅಮೆರಿಕದ ಮಿಸೌರಿ ರಾಜ್ಯದ ರೈತನ ಮಗ, ಲೂಥರನ್ ಪಾದ್ರಿ. ಪೂರ್ವಜರು ಜರ್ಮನಿಯವರಾದ್ದರಿಂದ ಜರ್ಮನ್ ಮಾತು ಬರುತ್ತಿತ್ತು. ಸೇಂಟ್ ಲೂಯಿಸ್ ನಗರದಲ್ಲಿ ಚರ್ಚಿನ ಸ್ಥಿರ ಹುದ್ದೆ ಬಿಟ್ಟು ಆಸ್ಪತ್ರೆ, ಜೈಲುಗಳ ಸೇವೆಗೆ ಇಳಿದರು. ರೇಡಿಯೋದಲ್ಲಿ ರೋಗಿಗಳಿಗಾಗಿ ಸಾಂತ್ವನದ ಕಾರ್ಯಕ್ರಮ ನಡೆಸುತ್ತಿದ್ದರು.  ಐವತ್ತರ ಹೊಸ್ತಿಲಲ್ಲಿ, 1943ರಲ್ಲಿ, ಸೈನ್ಯದ ಪಾದ್ರಿಯಾಗಿ ಸೇರಿದರು. ಯುದ್ಧದಲ್ಲಿ ಅವರ ಇಬ್ಬರು ಗಂಡುಮಕ್ಕಳು ತೀವ್ರವಾಗಿ ಗಾಯಗೊಂಡರು. ಮ್ಯೂನಿಕ್ ಬಳಿ ಇದ್ದಾಗ ಡಾಖಾವ್ ಯಾತನಾ ಶಿಬಿರಕ್ಕೆ ಹೋಗಿ ಕಣ್ಣಾರೆ ನೋಡಿ ಬಂದರು. 1945ರ ನವೆಂಬರಿನಲ್ಲಿ ನ್ಯೂರೆಂಬರ್ಗಿನಿಂದ ಕರೆ ಬಂತು: ನಾಜಿ ನಾಯಕರ ವಿಚಾರಣೆ ಶುರುವಾಗಲಿದೆ, ಆ ಕೈದಿಗಳ ಆತ್ಮಪಾಲನೆಗೆ ನೀವು ಬೇಕು. ಬಲವಂತವಿರಲಿಲ್ಲ, ಬೇಡವೆಂದಿದ್ದರೆ ಮನೆಗೆ ಹೋಗಬಹುದಿತ್ತು. ಹೆಂಡತಿಯನ್ನು ಕಂಡು ಬಹಳ ಕಾಲವಾಗಿತ್ತು. ಪ್ರಾರ್ಥಿಸಿ ಯೋಚಿಸಿದರು, ಹೋದರು.

ಕಟಕಟೆಯಲ್ಲಿದ್ದವರು 21 ಜನ. ಕಥೋಲಿಕರನ್ನು ನೋಡಿಕೊಳ್ಳಲು ಫಾದರ್ ಸಿಕ್ಸ್ಟಸ್ ಓಕಾನರ್ ಇದ್ದರು. ಉಳಿದವರು ಗೆರೆಕೆಯವರ ಪಾಲು. ಮೊದಲ ದಿನವೇ ಒಂದೊಂದು ಕೋಣೆಗೆ ಹೋಗಿ ಗೆರೆಕೆ ಕೈ ಚಾಚಿದರು. ಆ ಕೈಕುಲುಕಿಗಾಗಿ ಆಮೇಲೆ ಅವರು ತಿಂದ ಬೈಗುಳ ಕಡಿಮೆಯಲ್ಲ. ಮೊದಲು ಮುಟ್ಟದಿದ್ದರೆ ಮಾತು ಹೇಗೆ ಮುಟ್ಟೀತು ಎನ್ನುವುದು ಅವರ ಲೆಕ್ಕಾಚಾರ. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದು ಪುಟ್ಟ ಪ್ರಾರ್ಥನಾಲಯ ಮಾಡಿದರು. ಅಲ್ಲಿ ಆರ್ಗನ್ ನುಡಿಸುತ್ತಿದ್ದವನೂ ನಾಜಿಗಳ ಎಸ್.ಎಸ್. ಪಡೆಯ ಒಬ್ಬ ಮಾಜಿ ಅಧಿಕಾರಿಯೇ. ಕೈದಿಗಳಲ್ಲಿ ಹೆಸ್, ರೋಸೆನ್‌ಬರ್ಗ್ ಮೊದಲಾದವರು ಅತ್ತ ಸುಳಿಯಲಿಲ್ಲ. ಹಿಟ್ಲರನ ವಾಯುಸೇನೆಯ ಮುಖ್ಯಸ್ಥನಾಗಿದ್ದ ಗೋರಿಂಗ್ ತಪ್ಪದೆ ಬರುತ್ತಿದ್ದ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ. ಕೋಣೆಯಿಂದ ಹೊರಬರಲು ಅದೊಂದು ನೆಪವೂ ಆಗಿತ್ತು.

1946ರಲ್ಲಿ ಗೆರೆಕೆಯವರನ್ನು ಮನೆಗೆ ಕಳಿಸುತ್ತಾರಂತೆ ಎಂಬ ಗಾಳಿಮಾತು ಹಬ್ಬಿದಾಗ ಕೈದಿಗಳು ಅವರ ಹೆಂಡತಿ ಆಲ್ಮಾಗೆ ಒಂದು ಕಾಗದ ಬರೆದರು. ನಿಮ್ಮ ಗಂಡ ಇನ್ನಷ್ಟು ದಿನ ನಮ್ಮೊಂದಿಗೆ ಇರಲು ದಯಮಾಡಿ ಒಪ್ಪಿರಿ ಎಂದು. ಇಪ್ಪತ್ತೊಂದೂ ಜನರ ಸಹಿ ಅದರಲ್ಲಿತ್ತು. ಪ್ರಾರ್ಥನೆಗೆ ಬಾರದವರದೂ ಸಹ. ಯುರೋಪನ್ನು ಸ್ಮಶಾನ ಮಾಡಿದವರು ಸೇಂಟ್ ಲೂಯಿಸಿನ ಒಬ್ಬ ಗೃಹಿಣಿಯ ಅನುಮತಿ ಕೇಳಿದರು. ಅವರಿಗೆ ನಿಮ್ಮ ಅಗತ್ಯವಿದೆ, ಅಲ್ಲೇ ಇರಿ ಎಂದು ಆಕೆ ಗಂಡನಿಗೆ ಬರೆದಳು. ಈ ಇಡೀ ಕಥೆಯಲ್ಲಿ ಆಕೆಯನ್ನು ಕುರಿತು ಜನ ತೀರಾ ಕಡಿಮೆ ಮಾತಾಡಿದ್ದಾರೆ. ಮಕ್ಕಳ ಗಾಯ ಕಂಡ ತಾಯಿ ಆಕೆ.

ಅಕ್ಟೋಬರ್ 1ರಂದು ತೀರ್ಪು ಬಂತು. ಕಟಕಟೆಯಲ್ಲಿದ್ದವರ ಪೈಕಿ 11 ಮಂದಿಗೆ ನೇಣು. ಅವರಲ್ಲಿ ಸೇನಾಧಿಕಾರಿ ಕೈಟೆಲ್, ಸೌಕೆಲ್, ವಿದೇಶಾಂಗ ಮಂತ್ರಿಯಾಗಿದ್ದ ರಿಬ್ಬೆನ್‌ಟ್ರಾಪ್ ಇವರು ಆ ತಿಂಗಳುಗಳಲ್ಲಿ ಪಶ್ಚಾತ್ತಾಪದ ಮಾತಾಡಿ ಕರ್ತನ ಭೋಜನ ತೆಗೆದುಕೊಂಡಿದ್ದರು. ಸೌಕೆಲ್ ಯಾರೆಂದು ಮರೆಯಬೇಡಿ. ಲಕ್ಷಾಂತರ ಜನರನ್ನು ಅವರವರ ಊರುಗಳಿಂದ ಎಳೆತಂದು ಜರ್ಮನಿಯ ಕಾರ್ಖಾನೆಗಳಲ್ಲಿ ಜೀತಕ್ಕೆ ಹಚ್ಚಿದವನು. ಅವನ ಪಶ್ಚಾತ್ತಾಪ ನಿಜವೆಂದು ಗೆರೆಕೆ ನಂಬಿದರು. ನಂಬುವ ಮೊದಲು ತಿಂಗಳುಗಟ್ಟಲೆ ಪರೀಕ್ಷಿಸಿದರು.

ಅಕ್ಟೋಬರ್ 15ರ ಸಂಜೆ ಗೋರಿಂಗನ ಕೋಣೆಯಲ್ಲಿ ನಡೆದದ್ದು ಇನ್ನೂ ಮುಖ್ಯ. ತನಗೂ ಕರ್ತನ ಭೋಜನ ಕೊಡಿ ಎಂದು ಅವನು ಕೇಳಿದ. ಕ್ರಿಸ್ತನನ್ನು ರಕ್ಷಕನೆಂದು ಒಪ್ಪುತ್ತೀಯಾ ಎಂದರೆ ಇಲ್ಲ. ಗ್ರಂಥದ ಮಾತನ್ನು ಗೇಲಿ ಮಾಡಿದ. ಸ್ವರ್ಗದಲ್ಲಿ ಅಪ್ಪನನ್ನು ಕಾಣುವೆನೆಂದು ಅವನ ಪುಟ್ಟ ಮಗಳು ಎಡ್ಡಾ ಹೇಳಿದ್ದನ್ನು ಗೆರೆಕೆ ನೆನಪಿಸಿದರು. ಅವಳು ಅವಳ ರೀತಿಯಲ್ಲಿ ನಂಬಲಿ, ನಾನು ನನ್ನ ರೀತಿಯಲ್ಲಿ ಸಾಯುತ್ತೇನೆ ಎಂಬಂಥ ಉತ್ತರ ಬಂತು. ಗೆರೆಕೆ ಭೋಜನ ಕೊಡಲು ಒಪ್ಪಲಿಲ್ಲ. ಎರಡು ಮೂರು ಗಂಟೆಯೊಳಗೆ ಕಾವಲುಗಾರ ಕೂಗಿ ಕರೆದ. ಗೋರಿಂಗ್ ಸಯನೈಡ್ ಕಚ್ಚಿ ಸತ್ತಿದ್ದ. ಉಳಿದ ಹತ್ತು ಜನರನ್ನು ಆ ನಡುರಾತ್ರಿಯ ನಂತರ ಜೈಲಿನ ವ್ಯಾಯಾಮಶಾಲೆಯಲ್ಲಿ ಗಲ್ಲಿಗೇರಿಸಿದರು. ಗೆರೆಕೆ ತಮ್ಮವರೊಂದಿಗೆ ಗಲ್ಲಿನ ತನಕ ನಡೆದರು, ಪ್ರಾರ್ಥನೆ ಹೇಳಿದರು. ರಿಬ್ಬೆನ್‌ಟ್ರಾಪ್ ಅವರತ್ತ ತಿರುಗಿ ಮತ್ತೆ ಕಾಣುತ್ತೇನೆ ಎಂದನಂತೆ.

ಅಮೆರಿಕಕ್ಕೆ ಮರಳಿದ ಮೇಲೆ ಎರಡೂ ಕಡೆಯಿಂದ ಕಲ್ಲು. ಕೊಲೆಗಡುಕರಿಗೆ ಕೈ ಕೊಟ್ಟವನು, ನಾಜಿ ಪ್ರೇಮಿ ಎಂದು ಕೆಲವರ ಕಾಗದ. ಸಾಯುವವನಿಗೆ ಕರ್ತನ ಭೋಜನದ ರೊಟ್ಟಿ ನಿರಾಕರಿಸಿದ ಕಲ್ಲೆದೆಯವನು ಎಂದು ಇನ್ನು ಕೆಲವರ ಟೀಕೆ. ತಾನು ತಪ್ಪಿದ್ದರೆ ದೇವರು ಕ್ಷಮಿಸಲಿ ಎಂದಷ್ಟೇ ಗೆರೆಕೆ ಹೇಳಿಕೊಂಡರು.

ನನ್ನ ಮಟ್ಟಿಗೆ ಅವರು ತಪ್ಪಲಿಲ್ಲ. ಆ ರಾತ್ರಿ ರೊಟ್ಟಿ ಕೊಟ್ಟುಬಿಟ್ಟಿದ್ದರೆ ಡಿ ವಲೇರಾ ಹೇಳಿದ ಸಂತಾಪದ ಸಾಲಿಗೆ ಅದೂ ಸೇರುತ್ತಿತ್ತು. ಸಾವಿಗೆ ಹಿಗ್ಗದಿರುವುದು ಒಂದು ಕೆಲಸ, ಸತ್ತವನ ಲೆಕ್ಕದ ಪುಸ್ತಕವನ್ನು ಸುಟ್ಟುಹಾಕುವುದು ಇನ್ನೊಂದು. ಮೊದಲನೆಯದನ್ನು ಕ್ರಿಸ್ತನು ಕೇಳಿದ, ಎರಡನೆಯದನ್ನು ಕೇಳಲಿಲ್ಲ. ಗೆರೆಕೆ ನೇಣಿನ ತೀರ್ಪನ್ನು ತಡೆಯಲು ಹೋಗಲಿಲ್ಲ, ಡಾಖಾವನ್ನು ಮರೆಯಲೂ ಇಲ್ಲ. ಆದರೆ ಆ ಮನುಷ್ಯರು ಬದುಕಿದ್ದಷ್ಟು ದಿನ ಅವರ ಕೋಣೆಗೆ ಹೋದರು. ಗೋರಿಂಗ್ ಸತ್ತ ರಾತ್ರಿ ಅವರಿಗೆ ಆದದ್ದು ದುಃಖ, ಏಕೆಂದರೆ ಅಲ್ಲಿಯವರೆಗೆ ಅವನಿಗಾಗಿ ಅವರು ದುಡಿದಿದ್ದರು. ಯಾರಿಗಾಗಿ ಒಂದು ದಿನವೂ ಮೊಣಕಾಲೂರಿಲ್ಲವೋ ಅವನು ಸತ್ತ ದಿನ ದುಃಖ ಎಲ್ಲಿಂದ ಬರಬೇಕು? ಹೊರಗಿನಿಂದ ತಂದು ಹಚ್ಚಿಕೊಂಡ ದುಃಖ ಬಣ್ಣ ಬಿಡುತ್ತದೆ. ಆದ್ದರಿಂದ ವೈರಿಯ ಸಾವಿಗೆ ನಾವು ಹೇಗೆ ಸ್ಪಂದಿಸುತ್ತೇವೆ ಎನ್ನುವುದು ಅವನು ಬದುಕಿರುವಾಗಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಗ್ಲಾಡಿಸ್ ಸ್ಟೇನ್ಸ್. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಆಕೆ ಕ್ಷಮಿಸಿದೆ ಎಂದರು, ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಹಾಗೆಯೇ ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಫಲ ಬೇರೆ ಎಂಬ ಗೆರೆಯನ್ನೂ ಎಳೆದರು. ಮುಖ್ಯ ಅಪರಾಧಿಗೆ ವಿಧಿಸಿದ ಮರಣದಂಡನೆ ಹೈಕೋರ್ಟಿನಲ್ಲಿ ಜೀವಾವಧಿಗೆ ಇಳಿಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಜನ ಆಕೆಯ ಕ್ಷಮೆಯನ್ನು ಹಾಡಿ ಹೊಗಳಿದರು; ಆ ಗೆರೆಯನ್ನು ಮರೆತರು.

ನಮ್ಮಲ್ಲಿ ಹೆಚ್ಚಿನವರ ಪಾಲಿಗೆ ಬರುವ ವೈರಿಗಳು ಇಷ್ಟು ದೊಡ್ಡವರಲ್ಲ ಬಿಡಿ. ಬೇಲಿ ಒತ್ತಿದ ಪಕ್ಕದ ತೋಟದವನು, ಪಾಲಿನಲ್ಲಿ ಮೋಸ ಮಾಡಿದ ದಾಯಾದಿ, ಚರ್ಚಿನ ಸಮಿತಿಯಲ್ಲಿ ಮಾನ ತೆಗೆದವನು. ಒಂದು ಬೆಳಿಗ್ಗೆ ಅವನ ಮರಣದ ಗಂಟೆ ಬಾರಿಸುತ್ತದೆ. ಹೋಗಬೇಕೇ ಬೇಡವೇ ಎಂದು ಮನೆಯಲ್ಲಿ ಚರ್ಚೆ ಆಗುತ್ತದೆ. ಹೋದರೆ ನಾಟಕ ಎಂದಾರು, ಹೋಗದಿದ್ದರೆ ಹಗೆ ಎಂದಾರು.

ಹೋಗಿ ಎನ್ನುತ್ತೇನೆ ನಾನು. ಮುಂದಿನ ಸಾಲಿಗೆ ಹೋಗಬೇಕಾಗಿಲ್ಲ. ಸತ್ತವನು ದೇವರಂಥ ಮನುಷ್ಯ ಎಂದು ಯಾರಾದರೂ ಹೇಳಿದರೆ ಹೌದೆಂದು ತಲೆಯಾಡಿಸಬೇಕಾಗಿಯೂ ಇಲ್ಲ. ಸುಳ್ಳು ಹೇಳಿ ಪುಣ್ಯ ಕಟ್ಟಿಕೊಳ್ಳುವುದು ಬೇಡ. ಸಮಾಧಿಯ ಹತ್ತಿರ ಸರದಿ ಬಂದಾಗ ಒಂದು ಹಿಡಿ ಮಣ್ಣು ಹಾಕಿ. ವಿಧವೆಯ ಮುಂದೆ ನಿಂತು ಮಕ್ಕಳ ಹೆಸರು ಹಿಡಿದು ವಿಚಾರಿಸಿ. ಬೇಲಿಯ ವ್ಯಾಜ್ಯ ಕೋರ್ಟಿನಲ್ಲಿದ್ದರೆ ಇರಲಿ, ಮುಂದಿನ ತಾರೀಖಿಗೆ ಅದಕ್ಕೂ ಹೋಗಿ.